ಪಟ್ಟಿ ಬರೆಯುವವರೂ ಅವರೇ, ಹರಾಜು ಕೂಗುವವರೂ ಅವರೇ

ಮೊದಲು ನನ್ನ ಹೊಟ್ಟೆಪಾಡಿನ ವಿಷಯ ಹೇಳಿಬಿಡುತ್ತೇನೆ. ಆಮೇಲೆ ಯಾರೂ ಬಚ್ಚಿಟ್ಟು ಬರೆದೆ ಅನ್ನಬಾರದು. ಭಾಷಾವಿಜ್ಞಾನದಲ್ಲಿ ಎಂ.ಎ. ಮಾಡಿ ಕಾಲೇಜಿನಲ್ಲಿ ಕೆಲಸ ಸಿಗದವರು ಏನು ಮಾಡುತ್ತಾರೋ ಅದನ್ನೇ ನಾನು ಹತ್ತು ವರ್ಷದಿಂದ ಪುಣೆಯಲ್ಲಿ ಕೂತು ಮಾಡುತ್ತಿದ್ದೇನೆ: ಅನುವಾದ. ವಿಮಾ ಪಾಲಿಸಿ, ಔಷಧದ ಡಬ್ಬಿಯೊಳಗಿನ ಚೀಟಿ, ಆ್ಯಪ್‌ಗಳ ಗುಂಡಿಯ ಮೇಲಿನ ಪದಗಳು. ಇವುಗಳ ಜೊತೆಗೆ ವರ್ಷಕ್ಕೆ ನಾಲ್ಕೈದು ಪರಿಸರ ಪರಿಣಾಮ ವರದಿಗಳ ಕನ್ನಡ ಸಾರಾಂಶ.

ಈ ಕೊನೆಯದು ಕಾನೂನು ಹುಟ್ಟುಹಾಕಿದ ಕೆಲಸ. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ಸಾರ್ವಜನಿಕ ಅಹವಾಲು ಸಭೆ ನಡೆಸಬೇಕಾದ ಯೋಜನೆಯ ಕರಡು ವರದಿಯ ಸಾರಾಂಶ ಇಂಗ್ಲಿಷಿನ ಜೊತೆಗೆ ಆಯಾ ಊರಿನ ಭಾಷೆಯಲ್ಲೂ ಇರಬೇಕು. ನೂರಾರು ಪುಟಗಳ ಇಂಗ್ಲಿಷ್ ವರದಿ, ಅದರ ಹದಿನೈದೋ ಇಪ್ಪತ್ತೋ ಪುಟಗಳ ಕನ್ನಡ ಸಾರ. ಕಾಸು ಕಡಿಮೆ, ಗಡುವು ನಾಳೆ. ಆದರೂ ನಾನು ಮಾಡುವ ಕೆಲಸಗಳಲ್ಲಿ ಇದೊಂದಕ್ಕೆ ಮರ್ಯಾದೆ ಇದೆ ಅಂತ ನನಗೆ ಅನಿಸುತ್ತಿತ್ತು. ಓದುವವರು ಊರಿಗೆ ಇಬ್ಬರೋ ಮೂವರೋ ಇರುತ್ತಾರೆ. ಒಬ್ಬ ನಿವೃತ್ತ ಮೇಷ್ಟ್ರು, ಒಬ್ಬ ಕಾನೂನು ಓದುತ್ತಿರುವ ಹುಡುಗ. ಅವರು ಓದಿಕೊಂಡು ಬಂದ ಮೇಲೆ ಸಭೆಯಲ್ಲಿ ಏಳುವ ಪ್ರಶ್ನೆಯ ಬಣ್ಣವೇ ಬೇರೆ. ಬೋರ್‌ವೆಲ್ ಎಷ್ಟು ಅಡಿಗೆ ಇಳಿಯುತ್ತದೆ, ಲಾರಿಗಳು ದಿನಕ್ಕೆಷ್ಟು, ಹದಿನೇಳನೇ ಪುಟದಲ್ಲಿ ಹೀಗೆ ಬರೆದಿದ್ದೀರಲ್ಲ ಅಂತ ಪುಟ ತೆಗೆದು ಕೇಳುತ್ತಾರೆ.

2025ರ ಸೆಪ್ಟೆಂಬರ್ 8ರಂದು ಕೇಂದ್ರ ಪರಿಸರ ಸಚಿವಾಲಯ ಒಂದು ಕಚೇರಿ ಜ್ಞಾಪನ ಹೊರಡಿಸಿತು. ಪರಮಾಣು ಖನಿಜಗಳ ಮತ್ತು ‘ನಿರ್ಣಾಯಕ ಹಾಗೂ ವ್ಯೂಹಾತ್ಮಕ’ ಖನಿಜಗಳ ಗಣಿಗಾರಿಕೆಗೆ ಸಾರ್ವಜನಿಕ ಸಮಾಲೋಚನೆಯಿಂದ ವಿನಾಯಿತಿ. ಗಣಿ ಎಷ್ಟು ಚಿಕ್ಕದಾದರೂ ಪರಿಶೀಲನೆ ದೆಹಲಿಯಲ್ಲೇ. ದೇಶದ ರಕ್ಷಣೆ, ಪರಮಾಣು ಶಕ್ತಿ, ಇಂಧನ ಬದಲಾವಣೆ, ಇವು ಕೊಟ್ಟ ಕಾರಣಗಳು. ಪರಿಸರ ವರದಿ ಬರೆಯಲೇಬೇಕು, ತಜ್ಞರ ಸಮಿತಿ ನೋಡಲೇಬೇಕು, ಅವೆಲ್ಲ ಉಳಿದಿವೆ. ಹೋದದ್ದು ಊರಿನವರ ಸಭೆ. ಸಭೆಯ ಜೊತೆಗೆ ಅದಕ್ಕಾಗಿಯೇ ತಯಾರಾಗುತ್ತಿದ್ದ ಕನ್ನಡದ ಆ ಇಪ್ಪತ್ತು ಪುಟವೂ ಹೋಯಿತು.

ಈಗ ನನ್ನ ತಕರಾರು. ಇದು ಗಣಿ ಬೇಕೋ ಬೇಡವೋ ಎಂಬ ತಕರಾರಲ್ಲ. ನನ್ನ ಮೊಬೈಲಿನಲ್ಲಿ ಕೋಬಾಲ್ಟ್ ಇದೆ, ನಿಮ್ಮದರಲ್ಲೂ ಇದೆ, ಅದು ಯಾರದೋ ಊರಿನ ನೆಲದಿಂದ ಬಂದದ್ದು. ನನ್ನ ಪ್ರಶ್ನೆ ಬೇರೆ. ಒಂದು ಖನಿಜ ‘ನಿರ್ಣಾಯಕ’ ಎಂದು ಪಟ್ಟಿಯಲ್ಲಿ ಸೇರಿದ ಕೂಡಲೇ ಒಂದು ಊರಿನ ಮಾತಾಡುವ ಹಕ್ಕು ಹೋಗುವುದಾದರೆ, ಆ ಪಟ್ಟಿಯನ್ನು ಬರೆಯುವವರು ಯಾರು? ಯಾವ ಲೆಕ್ಕದ ಮೇಲೆ? ಆ ಲೆಕ್ಕವನ್ನು ಮುಂದಿನ ವರ್ಷ ಮತ್ತೆ ಮಾಡಿ ನೋಡುವವರು ಯಾರು?

ಆಸ್ಪತ್ರೆಯ ಐಸಿಯು ಮುಂದೆ ನಿಂತವರಿಗೆ ‘ಕ್ರಿಟಿಕಲ್’ ಎಂಬ ಪದದ ಅರ್ಥ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಅಲ್ಲೂ ಕ್ರಿಟಿಕಲ್ ಎಂದ ಡಾಕ್ಟರು ದಿನಕ್ಕೆ ಎರಡು ಸಲ ಬಂದು ನಾಡಿ ನೋಡುತ್ತಾರೆ. ಇವತ್ತು ಪರವಾಗಿಲ್ಲ, ವಾರ್ಡಿಗೆ ಹಾಕೋಣ ಅನ್ನುವ ಸಾಧ್ಯತೆ ಇರುತ್ತದೆ. ನಮ್ಮ ಖನಿಜಗಳ ವಿಷಯದಲ್ಲಿ ನಾಡಿ ನೋಡುವವರ ಕುರ್ಚಿಯೇ ಖಾಲಿ.

ಪಟ್ಟಿ ಹುಟ್ಟಿದ ಬಗೆ ಹೀಗೆ. 2022ರ ನವೆಂಬರ್‌ನಲ್ಲಿ ಗಣಿ ಸಚಿವಾಲಯ ಒಂದು ಸಮಿತಿ ಮಾಡಿತು. ಸಮಿತಿ ಮೊದಲು ಅಮೆರಿಕ, ಆಸ್ಟ್ರೇಲಿಯ, ಜಪಾನ್, ಬ್ರಿಟನ್ ಮುಂತಾದ ದೇಶಗಳ ಪಟ್ಟಿಗಳನ್ನು ತರಿಸಿಕೊಂಡು 69 ಧಾತು–ಖನಿಜಗಳನ್ನು ಗುಡ್ಡೆ ಹಾಕಿಕೊಂಡಿತು. ಆಮೇಲೆ ಬೇರೆ ಬೇರೆ ಸಚಿವಾಲಯಗಳನ್ನು ಕೇಳಿತು. ಕೊನೆಗೆ ಐರೋಪ್ಯ ಒಕ್ಕೂಟದ ಸೂತ್ರ ಹಿಡಿದು, ಆರ್ಥಿಕ ಮಹತ್ವ ಎಷ್ಟು, ಪೂರೈಕೆಯ ಅಪಾಯ ಎಷ್ಟು ಎಂದು ತೂಗಿ, 2023ರ ಜೂನ್‌ನಲ್ಲಿ 30 ಹೆಸರುಗಳನ್ನು ಪ್ರಕಟಿಸಿತು. ಒಂದು ಸಲದ ಕೆಲಸವಾಗಿ ನೋಡಿದರೆ ತಪ್ಪು ಹುಡುಕುವಂಥದ್ದೇನೂ ಇಲ್ಲ. ವರದಿ ಓದಿದ್ದೇನೆ, ಶ್ರದ್ಧೆಯಿಂದ ಮಾಡಿದ್ದಾರೆ.

ಎರಡು ತಿಂಗಳೂ ಕಳೆಯುವ ಮುನ್ನ ಸಂಸತ್ತು ಗಣಿ ಮತ್ತು ಖನಿಜ ಕಾಯ್ದೆಗೆ ತಿದ್ದುಪಡಿ ಮಾಡಿತು. ಕಾಯ್ದೆಯ ಮೊದಲನೇ ಅನುಸೂಚಿಗೆ ‘ಡಿ’ ಎಂಬ ಹೊಸ ಭಾಗ ಬಂತು, ಅದರಲ್ಲಿ 24 ಹೆಸರುಗಳು. ಈ 24ರ ಹರಾಜು ನಡೆಸುವ ಅಧಿಕಾರ ರಾಜ್ಯಗಳಿಂದ ಕೇಂದ್ರಕ್ಕೆ ಹೋಯಿತು. ಎರಡು ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟು ನೋಡಿ: ಮೊದಲನೆಯದರಲ್ಲಿರುವ ತಾಮ್ರ ಎರಡನೆಯದರಲ್ಲಿಲ್ಲ. ಸಮಿತಿಯ ಪಟ್ಟಿಯಲ್ಲಿ ಹೆಸರಿಲ್ಲದ ಗ್ಲಾಕೊನೈಟ್, ಅಂದರೆ ಪೊಟ್ಯಾಶ್ ಇರುವ ಒಂದು ಹಸಿರು ಖನಿಜ, ಎರಡನೆಯದರಲ್ಲಿದೆ. ಇರಲಿ, ಕಾರಣಗಳಿರಬಹುದು. ಆದರೆ ಅದೇ ಕಾಯ್ದೆಯ 11ಸಿ ಕಲಮಿನ ಪ್ರಕಾರ ಕೇಂದ್ರ ಸರ್ಕಾರ ಒಂದು ಅಧಿಸೂಚನೆಯಿಂದ ಈ ಅನುಸೂಚಿಯನ್ನು ಬದಲಿಸಬಹುದು. ಸಂಸತ್ತಿಗೆ ಮತ್ತೆ ಹೋಗಬೇಕಿಲ್ಲ, ಸೂತ್ರ ಹಾಕಿ ತೋರಿಸಬೇಕೆಂಬ ಷರತ್ತೂ ಕಲಮಿನಲ್ಲಿಲ್ಲ. ಸೆಪ್ಟೆಂಬರ್ ಜ್ಞಾಪನ ತಗಲುವುದು ಈ ‘ಡಿ’ ಭಾಗಕ್ಕೆ. ರಾಜಪತ್ರದಲ್ಲಿ ಒಂದು ಸಾಲು ಸೇರಿದರೆ ಯಾವುದೋ ಜಿಲ್ಲೆಯ ಯಾವುದೋ ಪಂಚಾಯಿತಿಯ ಮೈಕು ಬಂದ್.

ಪಟ್ಟಿಯ ಸಮಿತಿ ಗಣಿ ಸಚಿವಾಲಯದ್ದು. ಹರಾಜು ಅದೇ ಸಚಿವಾಲಯದ್ದು. ಎಲ್ಲಿ ಅಗೆದು ನೋಡಬೇಕೆಂದು ಹೇಳುವ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಅದರದ್ದೇ ಅಂಗ. ಎಷ್ಟು ಅಗೆದರೆಂದು ಲೆಕ್ಕ ಇಡುವ ನಾಗಪುರದ ಭಾರತೀಯ ಗಣಿ ಬ್ಯೂರೋ ಕೂಡ. 2025ರ ಜನವರಿಯಲ್ಲಿ ಸಂಪುಟ ಒಪ್ಪಿದ ರಾಷ್ಟ್ರೀಯ ನಿರ್ಣಾಯಕ ಖನಿಜ ಮಿಷನ್‌ಗೆ 16,300 ಕೋಟಿ ರೂಪಾಯಿ, ಅದರ ಮೇಲೆ ಸಾರ್ವಜನಿಕ ಉದ್ಯಮಗಳಿಂದ 18,000 ಕೋಟಿ ನಿರೀಕ್ಷೆ. ಅದರ ಕಾರ್ಯಾಲಯವೂ ಅಲ್ಲೇ. ಬೇಲಿಯೇ ಹೊಲ ಮೇಯುತ್ತಿದೆ ಎಂದು ನಾನು ಆರೋಪಿಸುತ್ತಿಲ್ಲ. ಹರಾಜಿನ ಹಣ ಸಚಿವಾಲಯದ ಜೇಬಿಗೆ ಹೋಗುವುದಿಲ್ಲ, ರಾಜ್ಯಗಳಿಗೆ ಹೋಗುತ್ತದೆ. ಆದರೆ ಒಂದು ಸಚಿವಾಲಯದ ಯಶಸ್ಸನ್ನು ಎಷ್ಟು ಬ್ಲಾಕ್ ಹರಾಜಾಯಿತು ಎಂಬುದರಿಂದ ಅಳೆಯುವಾಗ, ‘ಈ ಖನಿಜದ ಅಭಾವ ಈಗ ಅಷ್ಟೇನಿಲ್ಲ, ಪಟ್ಟಿಯಿಂದ ತೆಗೆಯೋಣ’ ಎಂದು ಆ ಸಚಿವಾಲಯದೊಳಗೆ ಕೂತ ಅಧಿಕಾರಿ ಯಾವ ಬಾಯಲ್ಲಿ ಹೇಳಬೇಕು?

ಇಲ್ಲಿ ಒಂದು ಪದದ ಕಥೆ ಇದೆ. ನನ್ನಂಥವರಿಗೆ ಇಂಥದ್ದು ಬೇಗ ಕಣ್ಣಿಗೆ ಬೀಳುತ್ತದೆ. 2023ರ ಸಮಿತಿ ಒಂದು ‘ಸೆಂಟರ್ ಆಫ್ ಎಕ್ಸಲೆನ್ಸ್’ ಬೇಕೆಂದು ಶಿಫಾರಸು ಮಾಡಿತ್ತು. ಅದರ ಕೆಲಸವನ್ನೂ ಹೇಳಿತ್ತು: ನಿರ್ಣಾಯಕ ಖನಿಜಗಳ ಪಟ್ಟಿಯನ್ನು ಕಾಲಕಾಲಕ್ಕೆ ಪರಿಷ್ಕರಿಸುವುದು, ಕಾರ್ಯತಂತ್ರವನ್ನು ಪ್ರಕಟಿಸುವುದು. ಅಂದರೆ ಕಾವಲುಗಾರನ ಕೆಲಸ. ಅದನ್ನೂ ಗಣಿ ಸಚಿವಾಲಯದೊಳಗೇ ಇಡಬೇಕೆಂದದ್ದು ನನಗೆ ಒಪ್ಪಿಗೆಯಿಲ್ಲ, ಆದರೆ ಕೆಲಸವಾದರೂ ಸರಿಯಾದ ಕೆಲಸ. ಎರಡು ವರ್ಷ ಕಳೆದು 2025ರಲ್ಲಿ ಸೆಂಟರ್ ಆಫ್ ಎಕ್ಸಲೆನ್ಸ್‌ಗಳು ಬಂದವು. ಒಂದಲ್ಲ, ಮೊದಲು ಏಳು, ಆಮೇಲೆ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ ಒಂಬತ್ತು. ಮುಂಬೈ, ಹೈದರಾಬಾದ್, ರೂರ್ಕಿ, ಧನಬಾದ್‌ಗಳ ಐಐಟಿಗಳು, ಭುವನೇಶ್ವರ ಮತ್ತು ಜಮ್ಶೆಡ್‌ಪುರದ ಪ್ರಯೋಗಾಲಯಗಳು. ಇವು ಮಾಡುವುದು ಸಂಶೋಧನೆ: ಅದಿರಿನಿಂದ, ಹಳೆಯ ಬ್ಯಾಟರಿಯಿಂದ, ಬೂದಿಯಿಂದ ಲೋಹ ತೆಗೆಯುವ ವಿಧಾನಗಳು. ಬೇಕಾದ ಕೆಲಸವೇ, ಚೆನ್ನಾಗಿ ಮಾಡಬಲ್ಲವರೇ. ಆದರೆ ಪಟ್ಟಿ ಕಾಯುವ ಕೆಲಸಕ್ಕೂ ಇದಕ್ಕೂ ಸಂಬಂಧವಿಲ್ಲ. ಹಳೆಯ ಹೆಸರು ಹೊಸ ಮಗುವಿಗೆ ಹೋಯಿತು. ಹಳೆಯ ಮಗು ಹುಟ್ಟಲೇ ಇಲ್ಲ, ಯಾರೂ ಕೇಳಲೂ ಇಲ್ಲ, ಯಾಕೆಂದರೆ ಹೆಸರು ಸುದ್ದಿಯಲ್ಲಿ ಕೇಳಿಬರುತ್ತಲೇ ಇದೆ.

ಕಾವಲಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಮಂಡ್ಯಕ್ಕೆ ಬನ್ನಿ.

2020ರ ಫೆಬ್ರವರಿಯಲ್ಲಿ ಶ್ರೀರಂಗಪಟ್ಟಣ ತಾಲ್ಲೂಕಿನ ಮರಳಗಾಲ–ಅಲ್ಲಾಪಟ್ಟಣ ಸುತ್ತ 14,100 ಟನ್ ಲೀಥಿಯಂ ಸಿಕ್ಕಿದೆ ಎಂದು ಸುದ್ದಿಯಾಯಿತು. ಬೆಂಗಳೂರಿನ ಒಬ್ಬ ವಿಜ್ಞಾನಿ ಒಂದು ಸಂಶೋಧನಾ ಲೇಖನದ ಅಂದಾಜನ್ನು ಸುದ್ದಿಸಂಸ್ಥೆಗೆ ಹೇಳಿದ್ದರು. ಆ ವಾರ ಮಂಡ್ಯ ಕಡೆಯ ನನ್ನ ಸೋದರಮಾವ ಫೋನ್ ಮಾಡಿದರು. ಅವರಿಗೆ ಆ ಕಡೆ ಎರಡೂವರೆ ಎಕರೆ ಇದೆ. ‘ನೀನು ಇಂಗ್ಲಿಷ್ ಓದೋನಲ್ವ, ನಿಜಾನಾ? ಬ್ರೋಕರ್ ಒಬ್ಬ ದಿನಾ ಬರ್ತಾವ್ನೆ.’ ನಾನು ಎರಡು ದಿನ ಹುಡುಕಿದೆ. ಸರ್ಕಾರದ ಯಾವ ಕಚೇರಿಯ ಯಾವ ಪುಟದಲ್ಲೂ ಆ ಸಂಖ್ಯೆಗೆ ಒಂದು ಹೌದು ಅಥವಾ ಅಲ್ಲ ಸಿಗಲಿಲ್ಲ. 2021ರ ಫೆಬ್ರವರಿಯಲ್ಲಿ ಸಂಸತ್ತಿನಲ್ಲಿ ಉತ್ತರ ಬಂತು: ಪರಮಾಣು ಖನಿಜ ನಿರ್ದೇಶನಾಲಯದ ಪ್ರಾಥಮಿಕ ಸಮೀಕ್ಷೆಯಂತೆ 1,600 ಟನ್. ಒಂಬತ್ತರಲ್ಲಿ ಒಂದು ಪಾಲು. ಎರಡೂ ಸಂಖ್ಯೆ ಅವುಗಳದೇ ಅರ್ಥದಲ್ಲಿ ಸರಿಯಿರಬಹುದು. ಒಂದು ಇಷ್ಟಗಲ ಇಷ್ಟುದ್ದ ಇದ್ದರೆ ಇಷ್ಟಾದೀತು ಎಂಬ ಲೆಕ್ಕ, ಇನ್ನೊಂದು ಅಷ್ಟಿಷ್ಟು ಕೊರೆದು ನೋಡಿದ ಮೇಲಿನ ಲೆಕ್ಕ. ಆದರೆ ಎರಡರ ನಡುವೆ ಏನು ವ್ಯತ್ಯಾಸ ಎಂದು ಹೇಳುವುದು ಯಾರ ಉದ್ಯೋಗವೂ ಆಗಿರಲಿಲ್ಲ. ಆ ವರ್ಷವೆಲ್ಲ ನಮ್ಮ ಮಾವನಿಗೆ ಅದನ್ನು ಹೇಳುತ್ತಿದ್ದವನು ಬ್ರೋಕರ್.

ಮಂಡ್ಯದ್ದು ಸಣ್ಣ ಕಥೆ. 2023ರ ಫೆಬ್ರವರಿ 9ರಂದು ಜಮ್ಮು–ಕಾಶ್ಮೀರದ ರಿಯಾಸಿ ಜಿಲ್ಲೆಯ ಸಲಾಲ್–ಹೈಮಾನಾದಲ್ಲಿ 59 ಲಕ್ಷ ಟನ್ ಎಂದು ಪ್ರಕಟಣೆ ಬಂದಾಗ ದೇಶವೇ ಕುಣಿಯಿತು. ಟಿವಿಯವರು ಚಿಲಿ, ಆಸ್ಟ್ರೇಲಿಯಗಳ ಪಕ್ಕ ಭಾರತದ ಬಾವುಟ ಇಟ್ಟು ಪಟ್ಟಿ ತೋರಿಸಿದರು. ಆ ದೇಶಗಳ ಸಂಖ್ಯೆ ಲೀಥಿಯಂ ಲೋಹದ್ದು. ನಮ್ಮ 59 ಲಕ್ಷ ಲೀಥಿಯಂ ಇರುವ ಅದಿರಿನದ್ದು. ಗಣಿ ಸಚಿವಾಲಯವೇ ಆಮೇಲೆ ಸಂಸತ್ತಿನಲ್ಲಿ ‘ಅದಿರು’ ಎಂದೇ ಉತ್ತರಿಸಿದೆ. ಇಂಥ ಅದಿರಿನಲ್ಲಿ ಲೋಹದ ಪಾಲು ಶೇಕಡಾ ಒಂದನ್ನೂ ಮುಟ್ಟದಿರುವುದು ಸಾಮಾನ್ಯ. ಅಂದರೆ ಹಾಲಿನ ಲೀಟರನ್ನೂ ತುಪ್ಪದ ಲೀಟರನ್ನೂ ಒಂದೇ ತಕ್ಕಡಿಯಲ್ಲಿಟ್ಟು ನಾವು ಗೆದ್ದೆವು ಎಂದಂತೆ. ಅದರ ಮೇಲೆ ಆ ಲೆಕ್ಕ ಜಿ3 ದರ್ಜೆಯದ್ದು, ಪ್ರಾಥಮಿಕ ಶೋಧದ ಹಂತದ್ದು. ಅಗೆಯಬಹುದೇ, ಅಗೆದರೆ ಲಾಭವೇ ಎಂಬ ಪ್ರಶ್ನೆಗಳು ಇನ್ನೂ ಎರಡು ಮೆಟ್ಟಿಲು ಮೇಲಿವೆ.

ಮಾರುಕಟ್ಟೆಗೆ ಈ ವ್ಯತ್ಯಾಸ ಗೊತ್ತಿತ್ತು. 2023ರ ನವೆಂಬರ್‌ನಲ್ಲಿ ಕೇಂದ್ರ ಮೊದಲ ಕಂತಿನಲ್ಲಿ 20 ಬ್ಲಾಕ್‌ಗಳನ್ನು ಹರಾಜಿಗಿಟ್ಟಿತು. ಸಾಕಷ್ಟು ಅರ್ಹ ಬಿಡ್‌ದಾರರು ಬಾರದೆ 13ರ ಹರಾಜು ರದ್ದಾಯಿತು. ರಿಯಾಸಿಯೂ ಆ 13ರಲ್ಲಿ ಒಂದು. ಮತ್ತೊಮ್ಮೆ ಇಟ್ಟರು, ಮತ್ತೆ ಆಗಲಿಲ್ಲ. ಕೊನೆಗೆ ಇನ್ನಷ್ಟು ಶೋಧ ಆಗಬೇಕೆಂದು ಹಿಂದಕ್ಕೆ ಕಳಿಸಿದರು. ಕುಣಿದವರು ಅಷ್ಟರಲ್ಲಿ ಬೇರೆ ಕಡೆ ಕುಣಿಯುತ್ತಿದ್ದರು. ಸಲಾಲ್‌ನವರು ಮಾತ್ರ ಮನೆ ಕಟ್ಟಬೇಕೋ ಬೇಡವೋ ಎಂದು ಕಾಯುವ ಸ್ಥಿತಿಯಲ್ಲಿ ಉಳಿದರು.

ಕನ್ನಡದ ಪಾಲಿನ ತಪ್ಪನ್ನೂ ಒಪ್ಪಿಕೊಳ್ಳಬೇಕು. ನಮ್ಮ ಪತ್ರಿಕೆಗಳಲ್ಲಿ ಎಲ್ಲಕ್ಕೂ ಒಂದೇ ಪದ: ನಿಕ್ಷೇಪ. ನೆಲದಡಿ ಇರಬಹುದು ಎಂಬ ಊಹೆಯೂ ನಿಕ್ಷೇಪ, ಲಾಭಕ್ಕೆ ತೆಗೆಯಬಹುದು ಎಂದು ಖಾತ್ರಿಯಾದದ್ದೂ ನಿಕ್ಷೇಪ, ಸುಮ್ಮನೆ ಬಂಡೆಯಲ್ಲಿ ಕಂಡ ಕುರುಹೂ ನಿಕ್ಷೇಪ. ಇಂಗ್ಲಿಷಿನಲ್ಲಿ ಮೊದಲನೆಯದು ರಿಸೋರ್ಸ್, ಎರಡನೆಯದು ರಿಸರ್ವ್. ಗಣಿ ವ್ಯವಹಾರದ ಇಡೀ ಪ್ರಾಮಾಣಿಕತೆ ನಿಂತಿರುವುದು ಈ ಎರಡು ಪದಗಳ ನಡುವಿನ ಅಂತರದ ಮೇಲೆ. ಎರಡು ವರ್ಷದ ಹಿಂದೆ ಒಂದು ಸಾರಾಂಶದಲ್ಲಿ ನಾನು ‘ಪ್ರಾಥಮಿಕ ಸಮೀಕ್ಷೆಯಿಂದ ಊಹಿಸಿದ ಪ್ರಮಾಣ’ ಎಂದು ಬರೆದಿದ್ದೆ. ಕೆಲಸ ಕೊಟ್ಟ ಏಜೆನ್ಸಿಯ ಪರಿಶೀಲಕರು ಅದನ್ನು ಹೊಡೆದು ‘ನಿಕ್ಷೇಪ’ ಎಂದರು. ಊಹೆ ಅಂದರೆ ಕಂಪನಿಗೆ ಬೇಜಾರಾಗುತ್ತದಂತೆ. ನಾಲ್ಕು ಮೇಲ್ ಬರೆದೆ. ಸೋತೆ. ನಾನು ತೋರಿಸಿ ಜಗಳವಾಡಲು ಒಂದು ಅಧಿಕೃತ ಕನ್ನಡ ಪದಪಟ್ಟಿ ಇರಲಿಲ್ಲ.

ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಪ್ರತಿವರ್ಷ ಒಂದು ಪುಸ್ತಕ ತರುತ್ತದೆ. ಒಂದೊಂದು ಖನಿಜಕ್ಕೆ ಎರಡೇ ಪುಟ. ಎಷ್ಟು ಬಳಸುತ್ತೇವೆ, ಎಷ್ಟು ಆಮದು, ಯಾರಿಂದ, ಬೆಲೆ ಎಷ್ಟಿತ್ತು, ಲೋಕದಲ್ಲಿ ಎಲ್ಲೆಲ್ಲಿ ಎಷ್ಟಿದೆ. ಪುಸ್ತಕದ ಕೊನೆಯಲ್ಲಿ ಒಂದು ಅನುಬಂಧ: ರಿಸೋರ್ಸ್ ಅಂದರೇನು, ರಿಸರ್ವ್ ಅಂದರೇನು. ಹದಿನಾರು ವರ್ಷದ ಹುಡುಗಿಗೂ ಅರ್ಥವಾಗುವಂತೆ. ಅಲ್ಲಿನ ನಿರ್ಣಾಯಕ ಖನಿಜಗಳ ಪಟ್ಟಿಯನ್ನು ಕನಿಷ್ಠ ಮೂರು ವರ್ಷಕ್ಕೊಮ್ಮೆ ಪರಿಷ್ಕರಿಸಲೇಬೇಕು, 2020ರ ಇಂಧನ ಕಾಯ್ದೆಯ ಕಟ್ಟಪ್ಪಣೆ. ಕರಡು ಪಟ್ಟಿ ಪ್ರಕಟಿಸಿ, ವಿಧಾನ ಬಿಚ್ಚಿಟ್ಟು, ಜನರ ಆಕ್ಷೇಪ ಕೇಳಿ ಆಮೇಲೆ ಅಂತಿಮ. 2018ರಲ್ಲಿ 35 ಇದ್ದದ್ದು 2022ರಲ್ಲಿ 50, 2025ರಲ್ಲಿ 60 ಆಯಿತು. ಇಷ್ಟು ಉದ್ದವಾದರೆ ನಿರ್ಣಾಯಕವಲ್ಲದ್ದು ಏನುಳಿಯಿತು ಎಂದು ನಗಬಹುದು. ನಗಲು ಸಾಧ್ಯವಾದದ್ದು ವಿಧಾನ ಕಣ್ಣೆದುರಿಗಿರುವುದರಿಂದ. ಅಲ್ಲೂ ಆ ಸಂಸ್ಥೆ ಮತ್ತು ಸರ್ಕಾರಿ ಜಮೀನಿನಲ್ಲಿ ಗಣಿಗೆ ಅವಕಾಶ ಕೊಡುವ ಬ್ಯೂರೋ ಒಂದೇ ಇಲಾಖೆಯ ಕೆಳಗಿವೆ, ನಿಜ. ಆದರೆ ಬೇರೆ ಬೇರೆ ಬಾಗಿಲು, ಬೇರೆ ಬೇರೆ ಮುಖ್ಯಸ್ಥರು, ಮತ್ತು ಸರ್ವೇಕ್ಷಣೆಯವರಿಗೆ ಹರಾಜಿನ ಗುರಿ ಇಲ್ಲ.

ನನಗೆ ಹೆಚ್ಚು ಹಿಡಿಸಿದ್ದು ಜರ್ಮನಿಯ ಏರ್ಪಾಡು. 2010ರಲ್ಲಿ ಸೆಂಕಾಕು ದ್ವೀಪಗಳ ತಗಾದೆಯ ಸಮಯದಲ್ಲಿ ಚೀನಾದಿಂದ ಜಪಾನಿಗೆ ವಿರಳ ಭೂಧಾತುಗಳ ಸಾಗಣೆ ನಿಂತು ಲೋಕಕ್ಕೆಲ್ಲ ಬಿಸಿ ತಟ್ಟಿತು. ಅದೇ ವರ್ಷ ಜರ್ಮನಿ ‘ಡೇರಾ’ ಎಂಬ ಕಚ್ಚಾವಸ್ತು ಸಂಸ್ಥೆಯನ್ನು ಶುರುಮಾಡಿತು. ಹ್ಯಾನೋವರ್‌ನಲ್ಲಿರುವ ಅವರ ಭೂವಿಜ್ಞಾನ ಸಂಸ್ಥೆಯ ಒಂದು ಭಾಗ ಅದು, ಕೂತಿರುವುದು ಬರ್ಲಿನ್ನಿನಲ್ಲಿ, ಮೇಲೆ ಆರ್ಥಿಕ ಸಚಿವಾಲಯ. ಗಣಿ ಪರವಾನಗಿ ಕೊಡುವುದು ಅಲ್ಲಿನ ರಾಜ್ಯಗಳ ಗಣಿ ಕಚೇರಿಗಳು. ಡೇರಾಗೂ ಅದಕ್ಕೂ ಸಂಬಂಧವಿಲ್ಲ. ಡೇರಾದ ಕೆಲಸ ನೋಡುವುದು, ಬರೆಯುವುದು. ತಿಂಗಳು ತಿಂಗಳು ಬೆಲೆಗಳ ವರದಿ. ಕೆಲವು ವರ್ಷಕ್ಕೊಮ್ಮೆ ಅದಿರಿನಿಂದ ಹಿಡಿದು ಶುದ್ಧ ಮಾಡಿದ ಲೋಹದವರೆಗೆ ಮುನ್ನೂರರ ಆಸುಪಾಸು ಸರಕುಗಳ ಅಪಾಯಪಟ್ಟಿ.

ಅಪಾಯ ಅಳೆಯುವ ಲೆಕ್ಕ ಮನೆಯಲ್ಲಿ ಕೂತು ನೀವೂ ಮಾಡಬಹುದು. ಒಂದು ಖನಿಜವನ್ನು ಯಾವ ದೇಶ ಶೇಕಡಾ ಎಷ್ಟು ಉತ್ಪಾದಿಸುತ್ತದೆ ಎಂದು ಬರೆದುಕೊಳ್ಳಿ, ಪ್ರತಿಯೊಂದನ್ನೂ ಅದರಿಂದಲೇ ಗುಣಿಸಿ, ಎಲ್ಲ ಕೂಡಿಸಿ. ನಾಲ್ಕು ದೇಶಗಳು ತಲಾ 25 ಇದ್ದರೆ ಮೊತ್ತ 2,500. ಒಂದೇ ದೇಶದ ಕೈಯಲ್ಲಿ ಪೂರಾ ಇದ್ದರೆ 10,000. 2,500 ದಾಟಿದರೆ ಕೆಂಪು. ಆಮೇಲೆ ಆ ದೇಶಗಳ ಆಡಳಿತ ಎಷ್ಟು ನಂಬಲರ್ಹ ಎಂಬುದಕ್ಕೆ ವಿಶ್ವಬ್ಯಾಂಕಿನ ಸೂಚ್ಯಂಕ ಸೇರಿಸುತ್ತಾರೆ. ಎರಡೂ ಸೇರಿ ಮೂರು ಗುಂಪು: ಕಡಿಮೆ, ಮಧ್ಯಮ, ಹೆಚ್ಚು. ಇದರಲ್ಲಿ ಗುಟ್ಟೇನೂ ಇಲ್ಲ. ಒಬ್ಬ ಸಣ್ಣ ಕಾರ್ಖಾನೆಯ ಮಾಲೀಕ ತನ್ನ ಸರಕು ಯಾವ ಗುಂಪಿನಲ್ಲಿದೆ ಎಂದು ಪುಕ್ಕಟೆಯಾಗಿ ನೋಡಬಹುದು. ಅದೂ ತನ್ನ ಭಾಷೆಯಲ್ಲಿ: ಜರ್ಮನ್ನರಿಗೆ ಅಪಾಯವನ್ನು ಇಂಗ್ಲಿಷಿನಲ್ಲಿ ತಿಳಿದುಕೊಳ್ಳಬೇಕಾದ ಗತಿ ಬಂದಿಲ್ಲ.

ಫ್ರಾನ್ಸ್ 2022ರ ನವೆಂಬರ್‌ನಲ್ಲಿ ‘ಒಫ್ರೆಮಿ’ ಎಂಬ ವೀಕ್ಷಣಾಲಯ ತೆರೆಯಿತು. ಭೂವಿಜ್ಞಾನ ಸಂಸ್ಥೆ ಮುಂದಾಳು, ಜೊತೆಗೆ ಪರಮಾಣು ಶಕ್ತಿ ಸಂಸ್ಥೆ, ಪೆಟ್ರೋಲಿಯಂ ಸಂಶೋಧನಾ ಸಂಸ್ಥೆ, ಪರಿಸರ ಸಂಸ್ಥೆ, ವಿದೇಶಾಂಗ ವಿಷಯಗಳ ಅಧ್ಯಯನ ಕೇಂದ್ರ. ಕಲ್ಲು ಗೊತ್ತಿರುವವರು, ರಸಾಯನ ಗೊತ್ತಿರುವವರು, ರಾಜಕೀಯ ಗೊತ್ತಿರುವವರು ಒಂದೇ ಮೇಜಿನ ಸುತ್ತ ಕೂರುವುದು ಬಹಳ ಒಳ್ಳೆಯ ಯೋಚನೆ. ಆದರೆ ಅದರ ಪೂರ್ತಿ ಹೆಸರಿನಲ್ಲೇ ‘ಕೈಗಾರಿಕಾ ವಲಯಗಳಿಗಾಗಿ’ ಎಂದಿದೆ. ಅಂದರೆ ಯಾರಿಗಾಗಿ ನೋಡುತ್ತಿದ್ದೇವೆ ಎಂದು ಬಾಗಿಲ ಮೇಲೇ ಬರೆದುಕೊಂಡಿದ್ದಾರೆ. ನಮಗೆ ಮೇಜು ಬೇಕು, ಆ ಬೋರ್ಡು ಬೇಡ.

ನಮ್ಮಲ್ಲಿ ಮಾಹಿತಿ ಇಲ್ಲವೇ? ಧಾರಾಳ ಇದೆ, ದೇಶವೆಲ್ಲ ಹರಡಿ ಬಿದ್ದಿದೆ. ಖನಿಜ ಉತ್ಪಾದನೆಯ ಲೆಕ್ಕ ನಾಗಪುರದಲ್ಲಿ. ಆಮದು–ರಫ್ತಿನ ಲೆಕ್ಕ ವಾಣಿಜ್ಯ ಸಚಿವಾಲಯದ ಕೆಳಗೆ ಕೋಲ್ಕತ್ತಾದಲ್ಲಿ. ಪರಮಾಣು ಖನಿಜಗಳ ಶೋಧ ಹೈದರಾಬಾದಿನಲ್ಲಿ, ಬೇರೆಯೇ ಇಲಾಖೆ. ವಿದ್ಯುತ್ ವಾಹನ ಭಾರೀ ಕೈಗಾರಿಕಾ ಸಚಿವಾಲಯದ್ದು, ಹಳೆಯ ಬ್ಯಾಟರಿ ಪರಿಸರ ಸಚಿವಾಲಯದ್ದು, ಪೊಟ್ಯಾಶ್ ಗೊಬ್ಬರದವರದ್ದು. ಈ ಪತ್ರ ಓದುವವರಲ್ಲಿ ಒಬ್ಬಿಬ್ಬರಾದರೂ ಈ ಕಚೇರಿಗಳಲ್ಲಿ ಕೆಲಸ ಮಾಡುವವರು ಇರುತ್ತೀರಿ, ಪಕ್ಕದ ಕಚೇರಿಯಿಂದ ಒಂದು ಸಂಖ್ಯೆ ತರಿಸಲು ಎಷ್ಟು ಪತ್ರ ಬರೆಯಬೇಕೆಂದು ನಿಮಗೇ ಗೊತ್ತು.

ಕೂಡಿಸುವ ಕೆಲಸ ಸುಲಭವೂ ಅಲ್ಲ. ಲೋಹದ ಶಾಶ್ವತ ಅಯಸ್ಕಾಂತಗಳು ಸುಂಕದ ಪಟ್ಟಿಯಲ್ಲಿ 8505 11 ಎಂಬ ಒಂದೇ ಸಂಖ್ಯೆಯ ಕೆಳಗೆ ಬರುತ್ತವೆ, ನಿಯೋಡಿಮಿಯಂ ಇದ್ದರೂ ಇಲ್ಲದಿದ್ದರೂ. ಅದೇ ಅಯಸ್ಕಾಂತ ಮೋಟಾರಿನೊಳಗೆ ಕೂತು ಬಂದರೆ 8501, ಅಂದರೆ ಬರೀ ಮೋಟಾರು. ಲೀಥಿಯಂ ಕಾರ್ಬೊನೇಟ್‌ಗೆ ಒಂದು ಸಂಖ್ಯೆ, ಬ್ಯಾಟರಿಗೆ ಇನ್ನೊಂದು, ಬ್ಯಾಟರಿಯೊಳಗಿನ ಕೋಬಾಲ್ಟ್‌ಗೆ ಯಾವ ಸಂಖ್ಯೆಯೂ ಇಲ್ಲ. ದೇಶಕ್ಕೆ ಎಷ್ಟು ನಿಯೋಡಿಮಿಯಂ ಬರುತ್ತದೆ ಎಂದು ತಿಳಿಯಬೇಕಾದರೆ ಯಾರಾದರೂ ಇವನ್ನೆಲ್ಲ ಬಿಚ್ಚಿ, ಅಂದಾಜು ಹಾಕಿ, ಕೂಡಿಸಿ, ಪ್ರತಿ ವರ್ಷ ಮತ್ತೆ ಮಾಡಬೇಕು. ಅದೊಂದು ಪೂರ್ಣಾವಧಿ ಕೆಲಸ.

ಮಾಡದಿದ್ದರೆ ಏನಾಗುತ್ತದೆಂದು ನಮ್ಮ ಪುಣೆಯವರು ಕಂಡರು. 2025ರ ಏಪ್ರಿಲ್ 4ರಂದು ಚೀನಾ ಸಮೇರಿಯಂ, ಟರ್ಬಿಯಂ, ಡಿಸ್ಪ್ರೋಸಿಯಂ ಸೇರಿದಂತೆ ಏಳು ವಿರಳ ಭೂಧಾತುಗಳ, ಅವುಗಳಿಂದ ಮಾಡಿದ ಅಯಸ್ಕಾಂತಗಳ ರಫ್ತಿಗೆ ಪರವಾನಗಿ ಕಡ್ಡಾಯ ಮಾಡಿತು. ಬಿಸಿಯಲ್ಲೂ ಶಕ್ತಿ ಕಳೆದುಕೊಳ್ಳದ ಅಯಸ್ಕಾಂತಕ್ಕೆ ಡಿಸ್ಪ್ರೋಸಿಯಂ, ಟರ್ಬಿಯಂ ಚಿಟಿಕೆಯಷ್ಟು ಬೇಕು. ಆ ಚಿಟಿಕೆ ನಿಂತಿತು. ವಾಹನ ತಯಾರಕರು ದೆಹಲಿಗೆ ಓಡಿದರು. ಆಗಸ್ಟಿನಲ್ಲಿ ವಿದ್ಯುತ್ ವಾಹನಗಳ ತಯಾರಿಕೆ ಸೊನ್ನೆಗಿಳಿಯಬಹುದೆಂದು ಬಜಾಜ್ ಆಟೊ ಎಚ್ಚರಿಸಿತು. ಚಾಕಣದಲ್ಲಿ ಗುತ್ತಿಗೆ ಕೆಲಸಕ್ಕಿರುವ ಗುಲ್ಬರ್ಗಾ, ಬೀದರ್ ಕಡೆಯ ಹುಡುಗರು ನಮ್ಮ ಕನ್ನಡ ಸಂಘಕ್ಕೆ ಬರುತ್ತಾರೆ. ಶಿಫ್ಟ್ ಕಡಿಮೆಯಾಗುತ್ತಂತೆ, ಯಾಕೆ ಎಂದು ಕೇಳಿದರು. ವಿಚಿತ್ರವೆಂದರೆ, ಭಾರತದ ಸಾರ್ವಜನಿಕ ಸಂಸ್ಥೆ ಐಆರ್‌ಇಎಲ್ 2012ರ ಒಪ್ಪಂದದಂತೆ ಅದೇ ಬಗೆಯ ಭೂಧಾತುಗಳನ್ನು ಜಪಾನಿಗೆ ಕಳಿಸುತ್ತಿತ್ತು. ಅದನ್ನು ನಿಲ್ಲಿಸಲು ಹೇಳಲಾಗಿದೆ ಎಂದು ವರದಿಯಾದದ್ದು ಜೂನ್ ತಿಂಗಳಲ್ಲಿ, ಮನೆಗೆ ಬೆಂಕಿ ಬಿದ್ದ ಮೇಲೆ. ನಮ್ಮಲ್ಲಿ ಮರಳಿತ್ತು, ಮರಳಿನಿಂದ ಆಕ್ಸೈಡ್ ತೆಗೆಯುವವರಿದ್ದರು, ಅಯಸ್ಕಾಂತ ಮಾಡುವವರಿರಲಿಲ್ಲ. ಸರಪಳಿಯಲ್ಲಿ ಯಾವ ಕೊಂಡಿ ಇಲ್ಲ ಎಂದು ಹತ್ತು ವರ್ಷ ಮೊದಲೇ, ವರ್ಷಾವರ್ಷ, ಬೇಸರವಾಗುವಷ್ಟು ಸಲ ಬರೆಯಬೇಕಾದ ಕಚೇರಿ ಇರಲಿಲ್ಲ.

ಇದಕ್ಕೆ ಬರುವ ಉತ್ತರಗಳು ನನಗೆ ಗೊತ್ತು. ಎಲ್ಲ ಬಹಿರಂಗ ಮಾಡಿದರೆ ಶತ್ರುದೇಶ ಓದುತ್ತದೆ ಅನ್ನುತ್ತಾರೆ. ನಮಗೆ ಏನಿಲ್ಲ ಎಂಬುದು ಮಾರುವವನಿಗೆ ಮೊದಲೇ ಗೊತ್ತಿರುತ್ತದೆ ಸ್ವಾಮಿ, ಅವನ ಅಂಗಡಿಯ ರಸೀತಿಯಲ್ಲೇ ಇದೆ. ಗೊತ್ತಿಲ್ಲದಿರುವುದು ನಮಗೆ. ರಕ್ಷಣಾ ದಾಸ್ತಾನಿನ ಲೆಕ್ಕ ಗುಟ್ಟಾಗಿರಲಿ, ಯಾರೂ ಕೇಳುತ್ತಿಲ್ಲ. ಇನ್ನೊಂದು ಕಚೇರಿ, ಇನ್ನೊಂದು ಅಧ್ಯಕ್ಷ, ಇನ್ನೊಂದು ಕೆಂಪು ಗೂಟದ ಕಾರು ಯಾಕೆ ಅನ್ನುತ್ತಾರೆ. ಇದಕ್ಕೆ ನನಗೂ ಸಹಾನುಭೂತಿ ಇದೆ. ಹೊಸದು ಬೇಕಿಲ್ಲ, ನಾಗಪುರದ ಬ್ಯೂರೋ 1948ರಿಂದ ಇದೆ, ಅದರ ಲೆಕ್ಕದ ವಿಭಾಗವನ್ನು ಗಣಿ ಸಚಿವಾಲಯದ ಕೈಯಿಂದ ಬಿಡಿಸಿ ಸಾಂಖ್ಯಿಕ ಸಚಿವಾಲಯದ ಕೆಳಗಿಡಿ. ಚಂಡಮಾರುತದ ಮುನ್ಸೂಚನೆ ಕೊಡುವ ಇಲಾಖೆ ಮೀನುಗಾರಿಕೆ ಬಂದರಿನ ಟೆಂಡರ್ ಕರೆಯುವುದಿಲ್ಲ. ಆದ್ದರಿಂದಲೇ ದೋಣಿಯವರು ಅದರ ಮಾತು ಕೇಳುತ್ತಾರೆ. ಪರಮಾಣು ಸುರಕ್ಷತೆ ನೋಡುವ ಮಂಡಳಿ ಪರಮಾಣು ಶಕ್ತಿ ಆಯೋಗಕ್ಕೇ ವರದಿ ಒಪ್ಪಿಸುವ ಪದ್ಧತಿಯನ್ನು 2012ರಲ್ಲಿ ಮಹಾಲೇಖಪಾಲರೇ ಟೀಕಿಸಿದ್ದರು. ಈ ಪಾಠ ನಮಗೆ ಹೊಸದಲ್ಲ.

ನಮ್ಮ ಕಡೆಯವರ ಮೇಲೂ ಸಿಟ್ಟಿದೆ. ಪರಿಸರದ ಗೆಳೆಯರು ಇಂಥ ಲೆಕ್ಕಗಳ ಹತ್ತಿರವೇ ಬರುವುದಿಲ್ಲ. ಲೆಕ್ಕ ಹಾಕಿದರೆ ಗಣಿಗೆ ಒಪ್ಪಿದಂತೆ ಎಂಬ ಭಯ. ಹಾಗಾಗಿ ಒಂದು ಕಡೆ ‘ದೇಶಕ್ಕೆ ಬೇಕು’, ಇನ್ನೊಂದು ಕಡೆ ‘ಬೇಡವೇ ಬೇಡ’, ನಡುವೆ ಎಷ್ಟು ಬೇಕು ಎಂದು ಕೇಳುವವರಿಲ್ಲ. ಈಗಿರುವ ತಾಮ್ರ, ಬ್ಯಾಟರಿ ಗುಜರಿಯಿಂದ ಎಷ್ಟು ವಾಪಸ್ ಬರುತ್ತದೆ, ಬಂದರೆ ಎಷ್ಟು ಗಣಿ ಕಡಿಮೆ ಸಾಕು ಎಂಬ ಪ್ರಶ್ನೆಗೆ ಉತ್ತರ ಸಿಗುವುದೂ ಅಂಥ ಕಚೇರಿಯಲ್ಲೇ. ಗಣಿ ಬೇಡ ಎನ್ನುವವರಿಗೇ ಅದು ಹೆಚ್ಚು ಬೇಕು.

ನಾನು ಕೇಳುವುದು ದೊಡ್ಡದೇನಲ್ಲ. ಹರಾಜಿನ ಗುರಿ ಇಲ್ಲದ ಒಂದು ಜಾಗದಲ್ಲಿ ಹತ್ತಿಪ್ಪತ್ತು ಜನ. ಪಟ್ಟಿಗೆ ಒಂದು ದಿನಾಂಕ, ಆ ದಿನಾಂಕಕ್ಕೆ ಕರಡು, ಕರಡಿನ ಮೇಲೆ ಆಕ್ಷೇಪಕ್ಕೆ ಒಂದು ತಿಂಗಳು. ಪ್ರತಿ ಖನಿಜಕ್ಕೆ ಎರಡು ಪುಟ. ಅದಿರೋ ಲೋಹವೋ, ಊಹೆಯೋ ಖಾತ್ರಿಯೋ ಎಂದು ಪ್ರತಿ ಸಂಖ್ಯೆಯ ಪಕ್ಕ. ಆ ಎರಡು ಪುಟ ಆ ಖನಿಜ ಇರುವ ಊರಿನ ಭಾಷೆಯಲ್ಲಿ. ಇಷ್ಟೂ ಆಗುವ ತನಕ ಪಟ್ಟಿಯ ಹೆಸರಿನಲ್ಲಿ ಯಾರ ಸಭೆಯನ್ನೂ ರದ್ದು ಮಾಡಬಾರದು; ಸೆಪ್ಟೆಂಬರ್ ಜ್ಞಾಪನ ವಾಪಸ್ ಆಗಬೇಕು.

ಕಳೆದ ತಿಂಗಳು ಒಂದು ಏಜೆನ್ಸಿಯಿಂದ ಕೆಲಸ ಬಂತು. ಒಂದು ಖನಿಜ ಬ್ಲಾಕ್ ಬಗ್ಗೆ ಆರು ಪುಟದ ಕರಪತ್ರ, ಊರಿನವರಿಗೆ ಹಂಚಲು. ಮೊದಲಾದರೆ ಇಪ್ಪತ್ತು ಪುಟದ ಸಾರಾಂಶ ಬರುತ್ತಿತ್ತು. ಇದರಲ್ಲಿ ಬೋರ್‌ವೆಲ್ ಇಲ್ಲ, ಲಾರಿ ಇಲ್ಲ, ಆಕ್ಷೇಪ ಯಾರಿಗೆ ಬರೆಯಬೇಕೆಂಬ ವಿಳಾಸ ಇಲ್ಲ. ನಗುವ ರೈತನ ಚಿತ್ರ ಇದೆ. ಮೂರನೇ ಪುಟದಲ್ಲಿ ಮತ್ತೆ ಅದೇ ಪದ. ನಾನು ‘ಊಹಿಸಿದ ಪ್ರಮಾಣ, ಅದಿರಿನ ಲೆಕ್ಕದಲ್ಲಿ’ ಎಂದು ಬರೆದು, ಯಾಕೆ ಹೀಗೆ ಎಂದು ಪರಿಶೀಲಕರಿಗೆ ಅರ್ಧ ಪುಟದ ಟಿಪ್ಪಣಿ ಹಾಕಿ ಕಳಿಸಿದ್ದೇನೆ. ಇನ್ನೂ ಉತ್ತರ ಬಂದಿಲ್ಲ.